ಎಲ್ಲಿ ನಿಲ್ಲಿಸಿದರೂ ಆಡುವವನು: ಜಾನ್ ಜಾನ್ಸನ್, ಬೆಂಗಳೂರು ಮತ್ತು ಗಡಿನಾಡಿನಿಂದ ಒಂದು ನೋಟ

(ಗಡಿನಾಡ ಕನ್ನಡ ಮತ್ತು ಕ್ರೀಡಾ ಇತಿಹಾಸ ಕುರಿತ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ನೀಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಳ್ತೀನಿ. ನಮ್ಮ ರಾಯದುರ್ಗದಲ್ಲಿ ನೆಟ್‌ವರ್ಕ್ ಯಾವಾಗ ಇರುತ್ತೆ, ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ. ಮಧ್ಯೆ ಕಡಿದುಹೋದರೆ ಅಧ್ಯಕ್ಷರು ದಯವಿಟ್ಟು ಕೈ ಎತ್ತಿ ತಿಳಿಸಬೇಕು.

ಈ ಮಾಲಿಕೆಯಲ್ಲಿ ನನಗಿಂತ ಮುಂಚೆ ಮಾತಾಡಿದವರು ಹೇಮಾವತಿಯ ನೊಳಂಬರ ಶಾಸನಗಳ ಬಗ್ಗೆ, ಗಡಿಯ ಕನ್ನಡ ಶಾಲೆಗಳ ಬಗ್ಗೆ ಹೇಳಿದರು. ನಾನು ಫುಟ್‌ಬಾಲ್ ಬಗ್ಗೆ, ಅದರಲ್ಲೂ ಒಬ್ಬ ಇಂಗ್ಲಿಷ್ ಆಟಗಾರನ ಬಗ್ಗೆ ಮಾತಾಡ್ತೀನಿ ಅಂದಾಗ ಆಯೋಜಕರು ಸ್ವಲ್ಪ ಹೊತ್ತು ಸುಮ್ಮನಾದರು. ಗಡಿನಾಡಿಗೂ ಇಂಗ್ಲೆಂಡಿನ ಮಿಡಲ್ಸ್‌ಬರೋ ಊರಿನ ಹುಡುಗನಿಗೂ ಏನು ಸಂಬಂಧ ಅನ್ನೋದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡೋದೇ ಈ ಪ್ರಬಂಧದ ಕೆಲಸ. ಉತ್ತರ ಪೂರ್ತಿ ಸಿಗುತ್ತೆ ಅಂತ ಮಾತು ಕೊಡಲ್ಲ.

1. ಅರ್ಜಿಯ ಒಂದು ಕಾಲಂ

ಮೊದಲು ನನ್ನದೇ ಒಂದು ಚಿಕ್ಕ ಸಂಗತಿ. ನಮ್ಮೂರು ರಾಯದುರ್ಗ, ನನ್ನ ತಾಯಿಯ ತವರು ಮಡಕಶಿರಾ ಕಡೆ. ಕೋಟೆ ಬೆಟ್ಟದ ಕೆಳಗಿನ ಬಯಲಲ್ಲಿ ನಾವು ಹುಡುಗರು ಫುಟ್‌ಬಾಲ್ ಆಡ್ತಿದ್ವಿ. ಹನ್ನೊಂದು ಜನ ಯಾವತ್ತೂ ಸೇರುತ್ತಿರಲಿಲ್ಲ. ಏಳು ಜನ ಬಂದರೆ ಏಳು, ಒಂಬತ್ತು ಬಂದರೆ ಒಂಬತ್ತು. ಹಾಗಾಗಿ ಯಾರು ಎಲ್ಲಿ ನಿಲ್ಲಬೇಕು ಅನ್ನೋದು ಆವತ್ತು ಯಾರು ಬಂದಿಲ್ಲ ಅನ್ನೋದರ ಮೇಲೆ ನಿರ್ಧಾರ ಆಗ್ತಿತ್ತು. ನಾನು ಗೋಲಿನಲ್ಲೂ ನಿಂತಿದ್ದೀನಿ, ಮುಂದೆಯೂ ಆಡಿದ್ದೀನಿ, ಹಿಂದೆಯೂ ಆಡಿದ್ದೀನಿ. ಪೀಟಿ ಮೇಷ್ಟ್ರು ನನ್ನ ಹೆಸರು ಹಿಡಿದು ಕರೀತಾನೇ ಇರಲಿಲ್ಲ. "ಏ, ಎಲ್ಲಿ ಖಾಲಿ ಇದೆಯೋ ಅಲ್ಲಿ ನಿಲ್ಲೋ" ಅಂತಿದ್ದರು.

ಒಮ್ಮೆ ಆಯ್ಕೆಗೆ ಹೋದಾಗ ಅರ್ಜಿಯಲ್ಲಿ "ನೀವು ಆಡುವ ಸ್ಥಾನ" ಅಂತ ಒಂದು ಕಾಲಂ ಇತ್ತು. ನಾನು "ಎಲ್ಲಾ" ಅಂತ ಬರೆದೆ. ಮೇಜಿನ ಹಿಂದೆ ಕೂತಿದ್ದವರು ಅದನ್ನು ಓದಿ ನಕ್ಕರು. ಅದೂ ತೆಲುಗಿನ ಅರ್ಜಿಯಲ್ಲಿ ನಾನು ಕನ್ನಡದಲ್ಲಿ ಬರೆದಿದ್ದೆ. "ಎಲ್ಲಾ ಅಂದರೆ ಯಾವುದೂ ಅಲ್ಲ ಅಂತ ಅರ್ಥ ಬಾಬು" ಅಂದರು. ಆಯ್ಕೆ ಆಗಲಿಲ್ಲ. ನಾನು ಅಷ್ಟೊಂದು ಚೆನ್ನಾಗಿ ಆಡ್ತಿರಲಿಲ್ಲ ಅನ್ನೋದೂ ನಿಜ, ಅದನ್ನು ಮುಚ್ಚಿಡಲ್ಲ. ಆದರೆ ಆ ಮಾತು ಮಾತ್ರ ತಲೆಯಲ್ಲಿ ಉಳಿದುಕೊಂಡಿತು. ಎಲ್ಲಾ ಕಡೆ ಆಡಬಲ್ಲವನಿಗೆ ಜಾಗ ಇರೋದಿಲ್ಲವೇ? ಬಹುಮುಖತೆ ಒಂದು ಗುಣವೋ, ಅಥವಾ ಜಾಗ ಸಿಗದವರಿಗೆ ನಾವು ಕೊಡುವ ಸಮಾಧಾನದ ಹೆಸರೋ?

ನಮ್ಮ ಎರಡೂ ಊರುಗಳ ಕತೆಯನ್ನು ಇಲ್ಲೇ ಎರಡು ಸಾಲಲ್ಲಿ ಹೇಳಿಬಿಡ್ತೀನಿ. ರಾಯದುರ್ಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ತಾಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆಲೂರು, ಆದೋನಿ, ರಾಯದುರ್ಗ ತಾಲೂಕುಗಳು ಅತ್ತ ಹೋದವು, ಉಳಿದವು ಮೈಸೂರಿಗೆ ಬಂದವು. ಮಡಕಶಿರಾ 1882ರಲ್ಲಿ ಅನಂತಪುರ ಜಿಲ್ಲೆ ಆದಾಗಿನಿಂದ ಅದರಲ್ಲೇ ಇತ್ತು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜನ ಇದ್ದಲ್ಲೇ ಇದ್ದರು, ಜಿಲ್ಲೆ ರಾಜ್ಯಗಳು ಬದಲಾದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ, ಅದರ ಮೇಲೆ ಸ್ವಲ್ಪ ಉರ್ದು. ಎಲ್ಲಿ ನಿಲ್ಲಿಸಿದರೂ ಆಡುವುದು ನಮಗೆ ಅಭ್ಯಾಸ.

2. ಬೆಂಗಳೂರು ಕಳಿಸಿಕೊಟ್ಟ ಕಾಲ

ಜಾನ್ ಜಾನ್ಸನ್ ಬೆಂಗಳೂರಿಗೆ ಬಂದದ್ದರ ಅರ್ಥ ಗೊತ್ತಾಗಬೇಕಾದರೆ ಅದಕ್ಕೂ ಮೊದಲು ಏನಿತ್ತು ಅಂತ ನೋಡಬೇಕು. ಬೆಂಗಳೂರಿನ ಫುಟ್‌ಬಾಲ್ ದಂಡು ಪ್ರದೇಶದಲ್ಲಿ ಬೆಳೆದದ್ದು. ಬ್ರಿಟಿಷ್ ಸೈನಿಕರು ಆಡಿದರು, ಪಕ್ಕದ ಬೀದಿಗಳ ಹುಡುಗರು ನೋಡಿ ಕಲಿತರು. ಆಮೇಲೆ ಕಲಿಸಿದವರನ್ನೇ ಸೋಲಿಸಿದರು. ಬೊಂಬಾಯಿಯ ರೋವರ್ಸ್ ಕಪ್ 1891ರಿಂದ ಬ್ರಿಟಿಷ್ ಪಡೆಗಳ ಸ್ವತ್ತಿನ ಹಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತಿತು. ಸ್ವತಂತ್ರ ಭಾರತದ ಆ ಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಆಮೇಲೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ 'ಪಂಚಪಾಂಡವ'ರಲ್ಲಿ ಒಬ್ಬರಾದರು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ಹಾಫ್‌ಬ್ಯಾಕ್ ಸಾಲಿಗೆ ಕನ್ನಡಿಗ ಕೆಂಪಯ್ಯ ಇದ್ದರು. 1960ರ ರೋಮ್‌ಗೂ ಅವರು ಹೋದರು. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು. 1946–47, 1952–53, ಆಮೇಲೆ 1967–68 ಮತ್ತು 1968–69. ಅಲ್ಲಿಂದ ಮುಂದೆ 54 ವರ್ಷ ಕಾದು, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಿತು.

ಈ ಪಟ್ಟಿಯಲ್ಲಿ ಒಂದು ಮಾದರಿ ಕಾಣಿಸುತ್ತೆ, ಗಮನಿಸಿ. ಬೆಂಗಳೂರಿನಲ್ಲಿ ಆಟಗಾರರು ಹುಟ್ಟುತ್ತಿದ್ದರು, ದೊಡ್ಡ ಆಟಕ್ಕೆ ಹೊರಗೆ ಹೋಗುತ್ತಿದ್ದರು. ಅಹ್ಮದ್ ಖಾನ್ ಕಲ್ಕತ್ತೆಗೆ ಹೋದರು, ಕೆಂಪಯ್ಯ ಮೋಹನ್ ಬಗಾನ್‌ಗೆ ಹೋದರು. ಊರಲ್ಲಿ ಉಳಿದವರನ್ನು ಸಾಕಿದ್ದು ಐಟಿಐ, ಎಚ್ಎಎಲ್ ಥರದ ಕಾರ್ಖಾನೆಗಳ ತಂಡಗಳು. ಬೆಳಿಗ್ಗೆ ಶಿಫ್ಟು, ಸಂಜೆ ಅಭ್ಯಾಸ. ಕಾರ್ಖಾನೆಗಳು ಸೊರಗಿದ ಹಾಗೆ ಆ ತಂಡಗಳೂ ಸೊರಗಿದವು. ಈ ಹಿನ್ನೆಲೆ ಇಟ್ಟುಕೊಂಡು 2013ಕ್ಕೆ ಬರೋಣ. ಆ ವರ್ಷ ಹರಿವು ತಿರುಗಿತು. ಬೆಂಗಳೂರಿಂದ ಹೊರಗೆ ಹೋಗೋದರ ಬದಲು, ಆಡೋಕೆ ಅಂತ ಹೊರಗಿನಿಂದ ಬೆಂಗಳೂರಿಗೆ ಜನ ಬಂದರು.

3. ಕಬ್ಬಿಣದ ಊರಿನ ಹುಡುಗ

ಜಾನ್ ಜಾನ್ಸನ್ ಹುಟ್ಟಿದ್ದು 1988ರ ಸೆಪ್ಟೆಂಬರ್‌ನಲ್ಲಿ, ಈಶಾನ್ಯ ಇಂಗ್ಲೆಂಡಿನ ಮಿಡಲ್ಸ್‌ಬರೋದಲ್ಲಿ. ಆ ಊರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. 1801ರ ಜನಗಣತಿಯಲ್ಲಿ ಅಲ್ಲಿದ್ದದ್ದು 25 ಜನ. 1850ರಲ್ಲಿ ಹತ್ತಿರದ ಎಸ್ಟನ್ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಸಿಕ್ಕಿತು. ಆಮೇಲೆ ಕುಲುಮೆಗಳು ಬಂದವು, ಕೂಲಿಗಳು ಬಂದರು, ಒಂದೇ ಶತಮಾನದಲ್ಲಿ ದೊಡ್ಡ ಪಟ್ಟಣ ಎದ್ದು ನಿಂತಿತು. ಆಸ್ಟ್ರೇಲಿಯಾದ ಸಿಡ್ನಿ ಹಾರ್ಬರ್ ಸೇತುವೆ ಕಟ್ಟಿದ್ದು ಅಲ್ಲಿಯ ಡಾರ್ಮನ್ ಲಾಂಗ್ ಕಂಪನಿ. 1876ರಲ್ಲಿ ಮಿಡಲ್ಸ್‌ಬರೋ ಫುಟ್‌ಬಾಲ್ ಕ್ಲಬ್ ಹುಟ್ಟಿತು. 2015ರಲ್ಲಿ ಪಕ್ಕದ ರೆಡ್‌ಕಾರ್‌ನ ಉಕ್ಕಿನ ಕುಲುಮೆ ಆರಿತು. ಅದು ಕೊನೆಗೆ ಥಾಯ್ಲೆಂಡಿನ ಕಂಪನಿಯ ಕೈಯಲ್ಲಿತ್ತು, ಅದಕ್ಕೂ ಮೊದಲು ನಮ್ಮ ಟಾಟಾದವರ ಕೈಯಲ್ಲಿತ್ತು.

ನಮ್ಮ ಕಡೆಯವರಿಗೆ ಇದು ಪರಿಚಯದ ಕತೆ. ರಾಯದುರ್ಗದ ಪಕ್ಕದ ಡಿ. ಹಿರೇಹಾಳು ಮಂಡಲದ ಓಬಳಾಪುರಂ ಗಣಿಗಳ ಹೆಸರು ಕೇಳದವರು ಯಾರಿದ್ದಾರೆ? ಕೆಂಪು ಧೂಳಿನ ಲಾರಿಗಳು ನಮ್ಮ ರಸ್ತೆಗಳಲ್ಲಿ ಸಾಲುಗಟ್ಟಿದ್ದನ್ನು ಕಂಡವರು ನಾವು. ಗುಡ್ಡದಲ್ಲಿ ಅದಿರು ಸಿಕ್ಕಿ ಊರಿನ ಹಣೆಬರಹ ಬದಲಾಗೋದು, ಅದಿರು ನಿಂತಾಗ ಮತ್ತೆ ಬದಲಾಗೋದು ಏನು ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಜಾನ್ಸನ್ ಮಿಡಲ್ಸ್‌ಬರೋ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದವರು. ಅವರು ಹಿರಿಯರ ತಂಡದ ಹೊಸ್ತಿಲಿಗೆ ಬಂದಾಗ ಕ್ಲಬ್ ಪ್ರೀಮಿಯರ್ ಲೀಗ್‌ನಲ್ಲಿತ್ತು, ಗ್ಯಾರೆತ್ ಸೌತ್‌ಗೇಟ್ ಮ್ಯಾನೇಜರ್ ಆಗಿದ್ದರು. 2009ರಲ್ಲಿ ಕ್ಲಬ್ ಕೆಳಗಿನ ದರ್ಜೆಗೆ ಇಳಿಯಿತು. ಅಂಥ ಕಡೆ ಊರಿನ ಹುಡುಗನಿಗೆ ಖಾಯಂ ಜಾಗ ಸಿಗೋದು ಕಷ್ಟ. ಇಂಗ್ಲೆಂಡಿನಲ್ಲಿ ಹೀಗೆ ಕಾಯುವ ಹುಡುಗರನ್ನು ಬೇರೆ ಕ್ಲಬ್‌ಗಳಿಗೆ 'ಲೋನ್' ಮೇಲೆ ಕಳಿಸ್ತಾರೆ. ನಮ್ಮ ಕಡೆ ಬಿತ್ತನೆ ಕಾಲಕ್ಕೆ ಎತ್ತು ಎರವಲು ಕೊಡೋ ಹಾಗೆ. ಟ್ರಾನ್‌ಮಿಯರ್‌ಗೆ ಹೋದರು, ನಾರ್ಥಾಂಪ್ಟನ್‌ಗೆ ಹೋದರು. 2010ರಲ್ಲಿ ನಾರ್ಥಾಂಪ್ಟನ್ ಟೌನ್ ತಂಡಕ್ಕೇ ಸೇರಿಕೊಂಡರು. ಅದು ಇಂಗ್ಲಿಷ್ ಫುಟ್‌ಬಾಲಿನ ನಾಲ್ಕನೇ ಮೆಟ್ಟಿಲು. ಅದೇ ವರ್ಷ ಆ ಸಣ್ಣ ಕ್ಲಬ್ ಲೀಗ್ ಕಪ್‌ನಲ್ಲಿ ಲಿವರ್‌ಪೂಲ್ ತಂಡವನ್ನು ಅವರದೇ ಆನ್‌ಫೀಲ್ಡ್ ಮೈದಾನದಲ್ಲಿ ಪೆನಾಲ್ಟಿಗಳಲ್ಲಿ ಸೋಲಿಸಿ ಸುದ್ದಿ ಮಾಡಿತು. 2013ರ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ಬಡ್ತಿಯ ಪ್ಲೇ ಆಫ್ ಫೈನಲ್‌ನಲ್ಲಿ ಬ್ರಾಡ್‌ಫೋರ್ಡ್ ಎದುರು 0–3ರಿಂದ ಸೋತಿತು.

ಜಾನ್ಸನ್ ಮೂಲತಃ ಡಿಫೆಂಡರ್. ಆದರೆ ಒಂದೇ ಜಾಗದ ಡಿಫೆಂಡರ್ ಅಲ್ಲ. ನಡುವೆ ಸೆಂಟರ್ ಬ್ಯಾಕ್ ಆಗಿಯೂ ನಿಲ್ಲಬಲ್ಲರು, ಬದಿಯಲ್ಲಿ ರೈಟ್ ಬ್ಯಾಕ್ ಆಗಿಯೂ ಓಡಬಲ್ಲರು. ಆಟ ನೋಡದವರಿಗೆ ಇವೆರಡೂ ಒಂದೇ ಅನ್ನಿಸಬಹುದು. ಹಾಗಲ್ಲ. ಸೆಂಟರ್ ಬ್ಯಾಕ್ ಎದುರಾಳಿಯ ದೊಡ್ಡ ಸ್ಟ್ರೈಕರ್ ಜತೆ ಮೈಗೆ ಮೈ ಕೊಟ್ಟು ಗುದ್ದಾಡಬೇಕು, ಗಾಳಿಯಲ್ಲಿ ಬಂದ ಚೆಂಡಿಗೆ ತಲೆ ಕೊಡಬೇಕು, ಜಾಗ ಬಿಟ್ಟು ಕದಲಬಾರದು. ರೈಟ್ ಬ್ಯಾಕ್ ಗೆರೆ ಉದ್ದಕ್ಕೂ ಮೇಲೆ ಹೋಗಬೇಕು, ಕೆಳಗೆ ಬರಬೇಕು, ವಿಂಗರ್‌ನ ವೇಗಕ್ಕೆ ಸಾಟಿಯಾಗಬೇಕು. ಒಬ್ಬ ಮನೆ ಕಾಯುವವನು, ಇನ್ನೊಬ್ಬ ಹೊಲ ಸುತ್ತುವವನು. ಇಬ್ಬರ ಕೆಲಸವನ್ನೂ ಒಬ್ಬನೇ ಕಲಿಯೋದಕ್ಕೆ ಸಮಯ ಬೇಕು, ತಾಳ್ಮೆ ಬೇಕು.

4. ಬಹುಮುಖತೆಯ ಬೆಲೆ

ಇಲ್ಲಿ ಸ್ವಲ್ಪ ಹೊರಗೆ ಹೋಗಿ ಬರ್ತೀನಿ. ಇಂಗ್ಲೆಂಡಿನಲ್ಲಿ ಬಹುಮುಖಿ ಆಟಗಾರ ಅಂದರೆ ಹಳಬರು ಮೊದಲು ಹೇಳೋ ಹೆಸರು ಪಾಲ್ ಮ್ಯಾಡ್ಲಿ. ಹುಟ್ಟಿದ್ದು 1944ರಲ್ಲಿ ಲೀಡ್ಸ್ ನಗರದಲ್ಲಿ, ಆಡಿದ್ದು ಲೀಡ್ಸ್ ಯುನೈಟೆಡ್ ಒಂದಕ್ಕೇ, ತೀರಿಕೊಂಡದ್ದು 2018ರಲ್ಲಿ. ಗೋಲ್‌ಕೀಪರ್ ಜಾಗ ಒಂದನ್ನು ಬಿಟ್ಟು ಉಳಿದ ಎಲ್ಲ ಜಾಗಗಳಲ್ಲೂ ಅವರು ಲೀಡ್ಸ್ ಪರ ಆಡಿದ್ದಾರೆ. ತಂಡ 1969 ಮತ್ತು 1974ರಲ್ಲಿ ಲೀಗ್ ಗೆದ್ದಾಗ ಇದ್ದರು, 1972ರ ಎಫ್ಎ ಕಪ್ ಗೆಲುವಿನಲ್ಲೂ ಇದ್ದರು. ಇಂಗ್ಲೆಂಡಿಗೆ 24 ಪಂದ್ಯ ಆಡಿದರು. 1970ರ ಮೆಕ್ಸಿಕೋ ವಿಶ್ವಕಪ್‌ಗೆ ಕರೆ ಬಂದಾಗ ದಣಿದಿದ್ದೇನೆ ಅಂತ ಹೇಳಿ ಒಲ್ಲೆ ಅಂದರು. ಹತ್ತು ಜಾಗಗಳಲ್ಲಿ ಆಡಿದವನಿಗೆ ದಣಿವಾಗಿದ್ದರೆ ಆಶ್ಚರ್ಯವೇನು?

ನಮ್ಮಲ್ಲೂ ಉದಾಹರಣೆಗಳಿವೆ. ಭಾರತದ ಮಹಾನ್ ಗೋಲ್‌ಕೀಪರ್ ಪೀಟರ್ ತಂಗರಾಜ್ ಸೈನ್ಯದ ತಂಡದಲ್ಲಿ ಶುರು ಮಾಡಿದ್ದು ಸೆಂಟರ್ ಫಾರ್ವರ್ಡ್ ಆಗಿ. ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದ ಮನುಷ್ಯ ಅವರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿತ್ತು. ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರನ್ನು ಮುಂದಕ್ಕೆ ತಂದು ಸೆಂಟರ್ ಫಾರ್ವರ್ಡ್ ಮಾಡಿದರು. ಸೆಮಿಫೈನಲ್‌ನಲ್ಲಿ ಗೋಲು ಹೊಡೆದರು, ದಕ್ಷಿಣ ಕೊರಿಯಾ ಎದುರಿನ ಫೈನಲ್‌ನಲ್ಲೂ ಹೊಡೆದರು. ಭಾರತ 2–1ರಿಂದ ಚಿನ್ನ ಗೆದ್ದಿತು.

ಈ ಮೂರೂ ಕತೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ವ್ಯತ್ಯಾಸ ಕಾಣುತ್ತೆ. ತಂಗರಾಜ್ ಜಾಗ ಬದಲಿಸಿ ತಮ್ಮ ನಿಜವಾದ ಜಾಗ ಕಂಡುಕೊಂಡರು. ಜರ್ನೈಲ್ ತುರ್ತಿಗೆ ಜಾಗ ಬಿಟ್ಟರು, ಕೆಲಸ ಮುಗಿದ ಮೇಲೂ ಜನ ಅವರನ್ನು ನೆನೆಯೋದು ಡಿಫೆಂಡರ್ ಅಂತಲೇ. ಮ್ಯಾಡ್ಲಿಗೆ ಮಾತ್ರ ಜಾಗ ಇಲ್ಲದಿರುವುದೇ ಜಾಗವಾಯಿತು. ಅಂದರೆ ಬಹುಮುಖತೆ ಅನ್ನೋದು ಒಂದೇ ವಸ್ತು ಅಲ್ಲ. ಅದು ಹುಡುಕಾಟವಾಗಿರಬಹುದು, ಆಪದ್ಧರ್ಮವಾಗಿರಬಹುದು, ವೃತ್ತಿಯೇ ಆಗಿರಬಹುದು. ಜಾನ್ಸನ್ ಈ ಮೂರರಲ್ಲಿ ಯಾವ ಗುಂಪಿಗೆ ಸೇರ್ತಾರೆ?

5. ಬೆಂಗಳೂರಿನ ಐದು ವರ್ಷ

2013ರಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿ ತಂಡ ಕಟ್ಟಿತು. ಈ ಜೆಎಸ್‌ಡಬ್ಲ್ಯು ಯಾರು? ನಮ್ಮ ಬಳ್ಳಾರಿ ಹತ್ತಿರದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರು. ಉಕ್ಕಿನ ಊರಲ್ಲಿ ಹುಟ್ಟಿದ ಹುಡುಗ ಉಕ್ಕಿನ ಕಂಪನಿಯ ತಂಡಕ್ಕೆ ಬಂದ. ಇದು ಕಾಕತಾಳೀಯ, ಇದರಲ್ಲಿ ದೊಡ್ಡ ಅರ್ಥ ಹುಡುಕಬೇಡಿ. ಆದರೆ ಕಾರ್ಖಾನೆ ತಂಡಗಳು ಮುಚ್ಚಿದ ಊರಿನಲ್ಲಿ ಮತ್ತೆ ಒಂದು ಕಾರ್ಖಾನೆಯೇ ತಂಡ ಕಟ್ಟಿತು ಅನ್ನೋದು ಕಾಕತಾಳೀಯ ಅಲ್ಲ. ಐಟಿಐ ಕಾಲದಲ್ಲಿ ಆಟಗಾರ ನೌಕರನಾಗಿದ್ದ. ಈಗ ಆಟವೇ ನೌಕರಿಯಾಯಿತು. ಬದಲಾದದ್ದು ಇಷ್ಟು.

ತಂಡದ ಮ್ಯಾನೇಜರ್ ಆಗಿ ಬಂದವರು ಆಶ್ಲಿ ವೆಸ್ಟ್‌ವುಡ್, ಅವರೂ ಇಂಗ್ಲಿಷ್ ಡಿಫೆಂಡರ್, ಹಿಂದೆ ನಾರ್ಥಾಂಪ್ಟನ್‌ಗೂ ಆಡಿದವರು. ಆಗ ಐ-ಲೀಗ್‌ನಲ್ಲಿ ಏಷ್ಯಾದ ಒಬ್ಬರನ್ನೂ ಸೇರಿಸಿ ನಾಲ್ಕೇ ವಿದೇಶಿಯರಿಗೆ ಅವಕಾಶ. ಬೆಂಗಳೂರಿನ ಮೊದಲ ನಾಲ್ವರು ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ, ಲೈಬೀರಿಯಾದ ಜಾನಿ ಮೆನ್ಯೊಂಗರ್, ಆಸ್ಟ್ರೇಲಿಯಾದ ಶಾನ್ ರೂನಿ. ಇಲ್ಲಿ ನನ್ನ ವಾದದ ಮುಖ್ಯ ಬಿಂದು ಬರುತ್ತೆ. ನಾಲ್ಕೇ ಜಾಗ ಇರುವಾಗ ಹೆಚ್ಚಿನ ಕ್ಲಬ್‌ಗಳು ಗೋಲು ಹೊಡೆಯುವವರನ್ನು ತರಿಸಿಕೊಳ್ಳೋದೇ ವಾಡಿಕೆ. ಡಿಫೆಂಡರ್‌ಗೆ ಆ ಚೀಟಿ ಖರ್ಚು ಮಾಡಬೇಕಾದರೆ ಅವನು ಒಂದಕ್ಕಿಂತ ಹೆಚ್ಚು ಕೆಲಸ ಮಾಡಬೇಕು. ಯಾರಿಗಾದರೂ ಗಾಯವಾದರೆ, ಇನ್ನೊಬ್ಬ ಅಮಾನತಾದರೆ ಜಾಗ ಬದಲಿಸಿ ನಿಲ್ಲುವಂಥವನು ಬೇಕು. ಇಂಗ್ಲೆಂಡಿನ ನಾಲ್ಕನೇ ದರ್ಜೆಯಲ್ಲಿ ಯಾವ ಗುಣಕ್ಕೆ ವಿಶೇಷ ಬೆಲೆ ಇರಲಿಲ್ಲವೋ ಅದೇ ಗುಣಕ್ಕೆ ಇಲ್ಲಿಯ ನಿಯಮ ಬೆಲೆ ತಂದುಕೊಟ್ಟಿತು. ಗುಣ ಆಟಗಾರನಲ್ಲಿರುತ್ತೆ ನಿಜ. ಆದರೆ ಅದರ ಬೆಲೆ ಸುತ್ತಲಿನ ವ್ಯವಸ್ಥೆಯಲ್ಲಿರುತ್ತೆ.

2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೋಹನ್ ಬಗಾನ್ ಜತೆ 1–1. ಅದು ತಂಡದ ಮೊದಲ ಪಂದ್ಯ. 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ ಮೊದಲ ವರ್ಷವೇ ಐ-ಲೀಗ್ ಗೆದ್ದರು. ಮುಂದಿನ ಜನವರಿಯಲ್ಲಿ ಮತ್ತೆ ಡೆಂಪೊ ಎದುರು 2–1ರಿಂದ ಫೆಡರೇಷನ್ ಕಪ್. ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಹಾಡುವ ಅಭಿಮಾನಿಗಳ ಗುಂಪು ವೆಸ್ಟ್ ಬ್ಲಾಕ್ ಬ್ಲೂಸ್ ಬೆಳೆಯಿತು. ನೀಲಿ ಜೆರ್ಸಿ ಹಾಕಿಕೊಂಡ ಹುಡುಗರು ನಮ್ಮ ಕಡೆಯ ಬಸ್ಸುಗಳಲ್ಲೂ ಕಾಣಿಸಿಕೊಳ್ಳೋಕೆ ಶುರುವಾದರು.

ಈಗ 2015ರ ಮೇ 31. ಕಂಠೀರವ ಸ್ಟೇಡಿಯಂ. ಲೀಗ್‌ನ ಕೊನೆಯ ಪಂದ್ಯ, ಎದುರಿಗೆ ಮತ್ತೆ ಮೋಹನ್ ಬಗಾನ್. ಬಗಾನ್ ಎರಡು ಅಂಕ ಮುಂದೆ. ಅವರಿಗೆ ಡ್ರಾ ಸಾಕು, ಬೆಂಗಳೂರಿಗೆ ಗೆಲುವೇ ಬೇಕು. ಮೊದಲಾರ್ಧದ ಕೊನೆ ಹತ್ತಿರ ಬಂದಾಗ ಗೋಲು ಬಿತ್ತು. ಹೊಡೆದದ್ದು ಸುನಿಲ್ ಛೆಟ್ರಿ ಅಲ್ಲ, ಡಿಫೆಂಡರ್ ಜಾನ್ ಜಾನ್ಸನ್. ನಾನು ಆವತ್ತು ಮನೆಯಲ್ಲಿ ಟೀವಿ ಮುಂದೆ ಕೂತಿದ್ದೆ, ಕುರ್ಚಿಯಿಂದ ಎದ್ದುಬಿಟ್ಟೆ. ಗೋಲು ತಡೆಯಬೇಕಾದವನೇ ಗೋಲು ಹೊಡೆದು ಪ್ರಶಸ್ತಿ ತರ್ತಾನೆ ಅನ್ನಿಸಿತು. ಇನ್ನೇನು ಕೆಲವೇ ನಿಮಿಷ ಬಾಕಿ ಇರುವಾಗ ಸೋನಿ ನಾರ್ಡೆಯ ಕಾರ್ನರ್ ಕಿಕ್‌ಗೆ ಬೆಲ್ಲೋ ರಜಾಕ್ ತಲೆ ಕೊಟ್ಟ. 1–1. ಬೆಲ್ಲೋ ಕೂಡ ಡಿಫೆಂಡರ್! ಹದಿಮೂರು ವರ್ಷಗಳ ನಂತರ ಮೋಹನ್ ಬಗಾನ್ ಲೀಗ್ ಗೆದ್ದಿತು, ನಮ್ಮೂರಿನ ಮೈದಾನದಲ್ಲೇ.

ಆ ಸಂಜೆ ಬಗ್ಗೆ ಯೋಚಿಸಿದಾಗೆಲ್ಲ ನನಗೆ ಒಂದೇ ಅನ್ನಿಸುತ್ತೆ. ಜಾನ್ಸನ್ ಆವತ್ತು ಎರಡೂ ಕೆಲಸ ಮಾಡಬೇಕಿತ್ತು. ಒಂದನ್ನು ಮಾಡಿದರು. ಇನ್ನೊಂದು, ಅಂದರೆ ಕೊನೆಯವರೆಗೂ ಬಾಗಿಲು ಕಾಯೋದು, ಹನ್ನೊಂದು ಜನರ ಕೆಲಸವಾಗಿತ್ತು. ಇತಿಹಾಸ ನೆನಪಿಡೋದು ಬೆಲ್ಲೋ ಗೋಲನ್ನು. ನಲವತ್ತು ಚಿಲ್ಲರೆ ನಿಮಿಷ ಬೆಂಗಳೂರನ್ನು ಚಾಂಪಿಯನ್ ಮಾಡಿಟ್ಟಿದ್ದ ಗೋಲು ಅಂಕಿ ಅಂಶಗಳಲ್ಲಿ ಉಳೀತು, ಅಷ್ಟೇ.

ಆದರೆ ಅವರು ಹೋಗಲಿಲ್ಲ, ಅದು ಮುಖ್ಯ. 2015–16ರಲ್ಲಿ ತಂಡ ಮತ್ತೆ ಐ-ಲೀಗ್ ಗೆದ್ದಿತು. ವೆಸ್ಟ್‌ವುಡ್ ಹೋಗಿ ಕ್ಯಾಟಲನ್ ಕೋಚ್ ಆಲ್ಬರ್ಟ್ ರೋಕಾ ಬಂದರು. ಹೊಸ ಕೋಚ್ ಬಂದಾಗ ಹಳೆಯ ವಿದೇಶಿ ಆಟಗಾರರು ಗಂಟುಮೂಟೆ ಕಟ್ಟೋದು ಸಾಮಾನ್ಯ. ಜಾನ್ಸನ್ ಉಳಿದರು. 2016ರ ಅಕ್ಟೋಬರ್ 19ರಂದು ಕಂಠೀರವದಲ್ಲಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು 3–1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು ಬೆಂಗಳೂರು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಸೇನೆಯ ತಂಡದ ಎದುರು 0–1ರಿಂದ ಸೋತರು. 2017ರಲ್ಲಿ ಮತ್ತೆ ಫೆಡರೇಷನ್ ಕಪ್. 2018ರ ಮಾರ್ಚ್‌ನಲ್ಲಿ ಐಎಸ್‌ಎಲ್ ಫೈನಲ್‌ನಲ್ಲಿ ಮನೆಯಂಗಳದಲ್ಲೇ ಚೆನ್ನೈಯಿನ್ ಎದುರು 2–3ರ ಸೋಲು, ಏಪ್ರಿಲ್‌ನಲ್ಲಿ ಸೂಪರ್ ಕಪ್ ಗೆಲುವು. ಆ ವರ್ಷ ಜಾನ್ಸನ್ ಕೋಲ್ಕತ್ತದ ಎಟಿಕೆ ಸೇರಿದರು. ಐದು ಋತು, ನೂರಕ್ಕೂ ಹೆಚ್ಚು ಪಂದ್ಯ. ಕೊನೆಗೆ ಅವರೂ ಅಹ್ಮದ್ ಖಾನ್, ಕೆಂಪಯ್ಯ ಹಿಡಿದ ದಾರಿಯನ್ನೇ ಹಿಡಿದರು. ಬೆಂಗಳೂರಿಂದ ಕೋಲ್ಕತ್ತಕ್ಕೆ.

6. ಹೋಲಿಕೆಯ ಮಿತಿ

ಈಗ ನನ್ನ ಪ್ರಶ್ನೆಗೆ ವಾಪಸ್ ಬರ್ತೀನಿ. ಜಾನ್ಸನ್ ಯಾವ ಗುಂಪು? ನನ್ನ ಅಭಿಪ್ರಾಯದಲ್ಲಿ ಅವರು ನಾಲ್ಕನೆಯ ಗುಂಪು. ಜಾಗ ಬದಲಿಸುವ ಶಕ್ತಿಯನ್ನು ಒಂದೇ ಊರಲ್ಲಿ ಉಳಿಯೋದಕ್ಕೆ ಬಳಸಿಕೊಂಡವರು. ಮೈದಾನದಲ್ಲಿ ಕದಲಬಲ್ಲರು ಅಂತಲೇ ತಂಡದಲ್ಲಿ ಕದಲದೆ ಇರೋಕೆ ಆಯಿತು.

ಈ ಉಪನ್ಯಾಸ ಸಿದ್ಧ ಮಾಡುವಾಗ, ಗಡಿನಾಡಿನ ಕನ್ನಡಿಗರೂ ಹೀಗೇ ಅಂತ ಹೇಳಿ ಮುಗಿಸೋಣ ಅಂದುಕೊಂಡಿದ್ದೆ. ಎಲ್ಲಿ ನಿಲ್ಲಿಸಿದರೂ ಆಡುವವರು, ಆದ್ದರಿಂದಲೇ ಇದ್ದಲ್ಲೇ ಉಳಿದವರು. ಕೇಳೋಕೆ ಚೆನ್ನಾಗಿದೆ. ಆದರೆ ಬರೆದ ಮೇಲೆ ನನಗೇ ಒಪ್ಪಿಗೆ ಆಗಲಿಲ್ಲ. ಜಾನ್ಸನ್‌ಗೆ ಕರಾರು ಇತ್ತು, ಸಂಬಳ ಇತ್ತು, ಬೇಡ ಅಂದರೆ ಹೋಗುವ ದಾರಿ ಇತ್ತು. 1953ರಲ್ಲಿ ರಾಯದುರ್ಗದ ರೈತನಿಗೆ ಯಾರೂ ಅರ್ಜಿ ಕೊಟ್ಟು ನಿನ್ನ ಸ್ಥಾನ ಯಾವುದು ಅಂತ ಕೇಳಲಿಲ್ಲ. ಆಯ್ದುಕೊಂಡ ಬಹುಮುಖತೆ ಬೇರೆ, ಹೇರಿದ ಬಹುಮುಖತೆ ಬೇರೆ. ಮೊದಲನೆಯದಕ್ಕೆ ಚಪ್ಪಾಳೆ ತಟ್ಟಬಹುದು. ಎರಡನೆಯದಕ್ಕೆ ಚಪ್ಪಾಳೆ ತಟ್ಟಿದರೆ ನಾವು ಅನ್ಯಾಯವನ್ನು ಗುಣ ಅಂತ ಕರೆದ ಹಾಗಾಗುತ್ತೆ.

ಹಾಗಾದರೆ ಈ ಕತೆಯಿಂದ ನಮಗೇನು ಉಪಯೋಗ? ಆಗಲೇ ಹೇಳಿದ ಬೆಲೆಯ ಮಾತು. ಯಾವ ಗುಣಕ್ಕೆ ಎಷ್ಟು ಬೆಲೆ ಅನ್ನೋದನ್ನು ನಿಯಮ ನಿರ್ಧರಿಸುತ್ತೆ. ನಿಯಮ ಬದಲಾದರೆ ನಗೆಪಾಟಲಾದ ಗುಣವೇ ಬೇಡಿಕೆಯ ಗುಣ ಆಗುತ್ತೆ. ಎರಡು ಮೂರು ಭಾಷೆ ಬರುವ ಗಡಿನಾಡಿನ ಹುಡುಗ ಹುಡುಗಿಯರನ್ನು "ಎಲ್ಲಾ ಅಂದರೆ ಯಾವುದೂ ಅಲ್ಲ" ಅಂತ ನೋಡುವ ಅರ್ಜಿಯೊಂದು ಇನ್ನೂ ಇದೆ. ಬದಲಾಗಬೇಕಾದ್ದು ಹುಡುಗರಲ್ಲ, ಆ ಅರ್ಜಿಯ ಕಾಲಂ.

7. ಪ್ರಶ್ನೋತ್ತರದಿಂದ

ಒಬ್ಬ ಭಾಗವಹಿಸಿದವರು: ಸರ್, ಕಂಪನಿಯ ದುಡ್ಡಲ್ಲಿ ಬಂದು ಹೋದ ವಿದೇಶಿ ಆಟಗಾರನನ್ನು ಬೆಂಗಳೂರಿನ ಇತಿಹಾಸಕ್ಕೆ ಸೇರಿಸೋದು ಸರಿಯಾ? ನಮ್ಮ ಕೆಂಪಯ್ಯನವರ ಬಗ್ಗೆಯೇ ಸರಿಯಾದ ಪುಸ್ತಕ ಇಲ್ಲವಲ್ಲ.

ಉತ್ತರ: ನಿಮ್ಮ ಬೇಸರ ನನಗೂ ಇದೆ ಮೇಡಂ. ಕೆಂಪಯ್ಯ, ರಾಮನ್, ಅಹ್ಮದ್ ಖಾನ್ ಅವರ ಬಗ್ಗೆ ಕನ್ನಡದಲ್ಲಿ ಬರೆಯಬೇಕು, ಬೇಗ ಬರೆಯಬೇಕು. ಅವರ ಜತೆ ಆಡಿದವರು, ನೋಡಿದವರು ಕಡಿಮೆ ಆಗ್ತಾ ಇದ್ದಾರೆ. ಆದರೆ ಒಬ್ಬರನ್ನು ಬರೆದರೆ ಇನ್ನೊಬ್ಬರಿಗೆ ಜಾಗ ಕಡಿಮೆ ಆಗಲ್ಲ. ಐದು ವರ್ಷ ಒಂದು ಊರಿನ ಬಾಗಿಲು ಕಾದವನನ್ನು ಆ ಊರಿನ ಕತೆಯಿಂದ ಹೊರಗಿಟ್ಟರೆ, ಕಲ್ಕತ್ತೆಯವರು ನಮ್ಮ ಅಹ್ಮದ್ ಖಾನ್‌ರನ್ನು ಹೊರಗಿಡಬೇಕಾಗಿತ್ತು. ಅವರು ಇಡಲಿಲ್ಲ, ತಲೆ ಮೇಲೆ ಹೊತ್ತುಕೊಂಡರು.

ಮಡಕಶಿರಾದಿಂದ ಒಬ್ಬ ಶಿಕ್ಷಕರು: ಸಾರ್, ನಮ್ಮ ಶಾಲೆಯಾಗೆ ಇಬ್ಬರು ಹುಡುಗ್ರು ಚೆನ್ನಾಗಿ ಆಡ್ತಾರೆ. ಕನ್ನಡ ಮೀಡಿಯಂ. ಅವ್ರನ್ನ ಯಾವ ಕಡೆ ಕಳಿಸ್ಲಿ? ಅನಂತಪುರಕ್ಕಾ, ಬಳ್ಳಾರಿಗಾ, ಬೆಂಗಳೂರಿಗಾ?

ಉತ್ತರ: ಮೇಷ್ಟ್ರೇ, ಇವತ್ತಿನ ಅತ್ಯಂತ ಮುಖ್ಯ ಪ್ರಶ್ನೆ ಇದೇ. ಅನಂತಪುರದಲ್ಲಿ ವಿಸೆಂಟ್ ಫೆರರ್ ಅವರು 1969ರಲ್ಲಿ ಬಂದು ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್‌ನ ಕ್ರೀಡಾ ಗ್ರಾಮ ಇದೆ. ಹಳ್ಳಿ ಮಕ್ಕಳಿಗಾಗಿಯೇ ಅಲ್ಲಿ ಫುಟ್‌ಬಾಲ್ ಕಲಿಸ್ತಾರೆ. ಇತ್ತ ತೋರಣಗಲ್ಲಿನ ಹತ್ತಿರ ವಿಜಯನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿಗೂ ಅದೇ ನೆಲೆಯಾಯಿತು. ನನ್ನ ಮಾತು ಕೇಳಿದರೆ, ರಾಜ್ಯ ನೋಡಬೇಡಿ. ಯಾವ ಕಡೆ ಹುಡುಗನಿಗೆ ಊಟ, ಓದು, ಆಟ ಮೂರೂ ಸಿಗುತ್ತೋ ಆ ಕಡೆ ಕಳಿಸಿ. ಮಾತು ಅರ್ಥವಾಗದೆ ಒಂಟಿಯಾಗೋ ಕಡೆ ಕಳಿಸಬೇಡಿ, ಅದೊಂದನ್ನು ಹೋಗಿ ನೋಡಿಕೊಂಡು ಬನ್ನಿ. ರಾಯದುರ್ಗದಿಂದ ಮಡಕಶಿರಾ, ಪಾವಗಡ ಮೇಲೆ ತುಮಕೂರಿಗೆ ರೈಲು ದಾರಿ ಹಾಕುವ ಕೆಲಸ ಎಷ್ಟೋ ವರ್ಷದಿಂದ ನಡೀತಾ ಇದೆ. ಅದು ಪೂರ್ತಿ ಆದರೆ ನಿಮ್ಮ ಹುಡುಗರಿಗೂ ನಮ್ಮ ಹುಡುಗರಿಗೂ ಒಂದೇ ರೈಲು.

ಅದೇ ಶಿಕ್ಷಕರು: ಇನ್ನೊಂದು ಸಾರ್. ಅರ್ಜಿಯಾಗೆ ಸ್ಥಾನ ಅಂತ ಕೇಳಿದ್ರೆ ಏನು ಬರೆಸ್ಲಿ?

ಉತ್ತರ: (ನಗು) ಅವನಿಗೆ ತುಂಬಾ ಇಷ್ಟವಾದ ಜಾಗ ಒಂದನ್ನು ಮೊದ್ಲು ಬರೆಸಿ. ಅದರ ಮುಂದೆ, "ಬೇಕಾದರೆ ಬೇರೆ ಕಡೆಯೂ ಆಡುತ್ತೇನೆ" ಅಂತ ಸೇರಿಸಿ. ಈ ಎರಡು ಸಾಲು ಯಾವ ಕ್ರಮದಲ್ಲಿರಬೇಕು ಅಂತ ತಿಳಿಯೋದಕ್ಕೆ ನನಗೆ ಇಷ್ಟು ವರ್ಷ ಹಿಡೀತು.